ರೇಡಿಯೋ ಹಳೆಯದಿರಲಿ, ಆಂಟೆನಾ ಎತ್ತರದಲ್ಲಿರಲಿ

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು "ಸಿಬಿ ರೇಡಿಯೋ ಅಂತ ಒಂದಿತ್ತಲ್ಲ, ಅದು ಇನ್ನೂ ಬದುಕಿದೆಯಾ?" ಎಂದು ಕೇಳಿದ್ದರು. ಬದುಕಿದೆ ಎಂದು ನಾಲ್ಕು ಸಾಲು ಬರೆದೆ. ಆ ನಾಲ್ಕು ಸಾಲಿಗೆ ಬಂದ ಪತ್ರಗಳನ್ನು ನೋಡಿದರೆ ಅಮೆರಿಕದ ಕನ್ನಡಿಗರಲ್ಲಿ ಅರ್ಧ ಜನ ಗ್ಯಾರೇಜಿನಲ್ಲಿ ಒಂದು ಹಳೆಯ ಸೆಟ್ ಬಚ್ಚಿಟ್ಟುಕೊಂಡಿದ್ದಾರೆ ಅನ್ನಿಸುತ್ತದೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪರಿಚಯವಿಲ್ಲದವರಿಗೆ ಎರಡು ಮಾತು. ಸಿಬಿ ಎಂದರೆ ಸಿಟಿಜನ್ಸ್ ಬ್ಯಾಂಡ್, ಅಂದರೆ 27 ಮೆಗಾಹರ್ಟ್ಸ್ ಆಸುಪಾಸಿನ 40 ಚಾನೆಲ್‌ಗಳು. ಇಲ್ಲಿ 1958ರಿಂದ ಈ ತರಂಗಗಳಲ್ಲಿ ಜನಸಾಮಾನ್ಯರು ಮಾತಾಡುತ್ತಿದ್ದಾರೆ. ಮೊದಲು 23 ಚಾನೆಲ್ ಇದ್ದವು, 1977ರಲ್ಲಿ 40 ಆದವು. 1983ರಿಂದ ಲೈಸೆನ್ಸಿನ ಗೊಡವೆಯೂ ಇಲ್ಲ. ದನಿ ಕಳಿಸುವ ಬಗೆ ಎಎಂ ಆದರೆ 4 ವಾಟ್, ಸಿಂಗಲ್ ಸೈಡ್‌ಬ್ಯಾಂಡಿನಲ್ಲಿ 12 ವಾಟ್. ಕಾನೂನು ಕೊಡುವ ಶಕ್ತಿ ಅಷ್ಟೇ. ನೂರು ಡಾಲರಿನ ಸೆಟ್ಟಿಗೂ ಅದೇ 4 ವಾಟ್, ಐನೂರು ಡಾಲರಿನದಕ್ಕೂ ಅದೇ 4 ವಾಟ್. ಟ್ರಕ್ ಸ್ಟಾಪಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಂಚಿನ ಹಿಂದೆ ಕೂತು ವಯಸ್ಸು ಕಳೆದವನು ನಾನು. ದುಬಾರಿ ಸೆಟ್ ಕೊಂಡು, ಆಂಟೆನಾಗೆ ಕಾಸು ಸಾಲದೆ, "ಸಾರ್, ದೂರ ಹೋಗ್ತಿಲ್ಲ" ಎಂದು ಬಂದವರನ್ನೇ ಹೆಚ್ಚು ನೋಡಿದ್ದೇನೆ.

ಪ್ರಶ್ನೆ: ನಮ್ಮೆಜಮಾನರು ಟ್ರಕ್ ಓಡಿಸುತ್ತಾರೆ. ಐ-70 ಹೆದ್ದಾರಿ ಬಿಟ್ಟು ಮನೆ ಕಡೆ ತಿರುಗಿದ ಮೇಲೆ ಹನ್ನೆರಡು ಮೈಲಿ ಫೋನು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವರ ಟ್ರಕ್ಕಿನಲ್ಲಿ ಸಿಬಿ ಇದೆ. ಮನೆಗೂ ಒಂದು ಸೆಟ್ ತಂದಿದ್ದೇವೆ. ಒಂದಂತಸ್ತಿನ ಮನೆ, ಹಿಂದೆ ಮೆಕ್ಕೆಜೋಳದ ಹೊಲ, ಮುಂದೆ ರಸ್ತೆ ಬದಿಯಲ್ಲಿ ಕರೆಂಟ್ ಕಂಬ. ಆಂಟೆನಾಗೆ 250 ಡಾಲರ್ ಇಟ್ಟಿದ್ದೇನೆ. ಒಂದು ಡಬ್ಬಿಯ ಮೇಲೆ "9 ಡಿಬಿ ಗೇನ್" ಎಂದಿದೆ, ಇನ್ನೊಂದರ ಮೇಲೆ 5. ಒಂಬತ್ತರದೇ ಒಳ್ಳೆಯದಲ್ಲವೇ? (ಓದುಗರು, ಇಂಡಿಯಾನಾ)

ಉತ್ತರ: ತಂಗೀ, ಮೊದಲು ಆ ಡಬ್ಬಿಗಳನ್ನು ಅಂಗಡಿಯ ಕಪಾಟಿನಲ್ಲೇ ಬಿಡಿ. ಗೇನ್ ಎಂದರೆ ಆಂಟೆನಾ ಸಂಕೇತವನ್ನು ಎಷ್ಟು ಬಲಪಡಿಸುತ್ತದೆ ಎಂಬುದು, ಡಿಬಿ ಅದರ ಅಳತೆ. ಯಾವುದಕ್ಕೆ ಹೋಲಿಸಿದರೆ ಎಂದು ಹೇಳದೆ ಬರೆದ ಡಿಬಿಗೆ ಬೆಲೆಯಿಲ್ಲ. ನೆಟ್ಟಗೆ ನಿಲ್ಲಿಸಿದ ಒಂದೇ ಕಡ್ಡಿಯ ಆಂಟೆನಾಗಳಲ್ಲಿ, ತರಂಗದ ಉದ್ದದ ಅರ್ಧದಷ್ಟಿರುವ ಅರ್ಧ ತರಂಗದ್ದಕ್ಕೂ ಐದೆಂಟಾಂಶ ತರಂಗದ್ದಕ್ಕೂ ಇರುವ ವ್ಯತ್ಯಾಸ ಸುಮಾರು ಒಂದು ಡಿಬಿ. ನಿಮ್ಮ ಯಜಮಾನರ ಸೆಟ್ಟಿನ ಮೀಟರಿನ ಮುಳ್ಳು ಒಂದು ಎಸ್-ಯೂನಿಟ್ ಏರಬೇಕಾದರೆ ಆರು ಡಿಬಿ ಬೇಕು. ಆ ಒಂದು ಡಿಬಿ ಅವರ ಕಿವಿಗೆ ಗೊತ್ತೇ ಆಗುವುದಿಲ್ಲ.

ಗೊತ್ತಾಗುವುದು ಎತ್ತರ. ಈ ತರಂಗಗಳು ಹತ್ತಿರದ ಮಾತಿಗೆ ಹೆಚ್ಚು ಕಡಿಮೆ ಕಣ್ಣಳತೆಯ ದಾರಿಯಲ್ಲೇ ಹೋಗುತ್ತವೆ. ಸುಲಭದ ಒಂದು ಲೆಕ್ಕವಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದರ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಎರಡೂ ಕಡೆಯದನ್ನು ಕೂಡಿಸಬೇಕು. 20 ಅಡಿ ಕಂಬದ ತುದಿಗೆ ಹದಿನೇಳು ಹದಿನೆಂಟು ಅಡಿಯ ಆಂಟೆನಾ ಕೂರಿಸಿದರೆ ಅದರ ನಡುಭಾಗ ನೆಲದಿಂದ ಸುಮಾರು 8.7 ಮೀಟರ್ ಎತ್ತರದಲ್ಲಿರುತ್ತದೆ. ಅದರ ದಿಗಂತ 12 ಕಿಲೋಮೀಟರ್. ಟ್ರಕ್ಕಿನ ಆಂಟೆನಾ ಮೂರೂವರೆ ಮೀಟರ್ ಎತ್ತರ ಎಂದಿಟ್ಟುಕೊಳ್ಳಿ, ಅದರದು ಏಳೂವರೆ ಚಿಲ್ಲರೆ. ಒಟ್ಟು 20 ಕಿಲೋಮೀಟರ್ ಅಂದರೆ ಹನ್ನೆರಡು ಮೈಲಿ ಚಿಲ್ಲರೆ. ನಿಮಗೆ ಬೇಕಾದದ್ದು ಸರಿಯಾಗಿ ಅಷ್ಟೇ. ದಿಗಂತ ದಾಟಿದ ಕೂಡಲೇ ಮಾತು ಕತ್ತರಿಸಿ ಬೀಳುವುದಿಲ್ಲ, ಇನ್ನೊಂದಿಷ್ಟು ದೂರ ಮಸುಕಾಗುತ್ತಾ ಹೋಗುತ್ತದೆ. ನಿಮ್ಮ ಕಡೆ ನೆಲ ಸಮತಟ್ಟು, ಅದು ಪುಣ್ಯ. ಕೆಂಟಕಿಯ ಗುಡ್ಡಗಳ ನಡುವೆ ಇದ್ದಿದ್ದರೆ ಈ ಭರವಸೆ ಕೊಡುತ್ತಿರಲಿಲ್ಲ.

ನಾನಾದರೆ ಕೊಳ್ಳುವುದು ಅರ್ಧ ತರಂಗದ ಫೈಬರ್‌ಗ್ಲಾಸ್ ಆಂಟೆನಾ. ಎ-99 ಎಂಬ ಮಾದರಿಯನ್ನು ಟ್ರಕ್ಕಿನವರೆಲ್ಲ ಬಲ್ಲರು. ಮೂರು ತುಂಡು, ಒಂದಕ್ಕೊಂದು ತಿರುಪಿ ಜೋಡಿಸಿದರೆ ಹದಿನೇಳೂವರೆ ಅಡಿ. 24 ಅಡಿಯ ಐದೆಂಟಾಂಶದ್ದೂ ಸಿಗುತ್ತದೆ, ಆದರೆ ಬಯಲಿನ ಗಾಳಿಗೆ ಅದು ಬಿಲ್ಲಿನ ಹಾಗೆ ಬಾಗುತ್ತದೆ, ಬುಡದ ಬ್ರಾಕೆಟ್ಟಿಗೆ ಹೊರೆ. ಮೊದಲ ಆಂಟೆನಾ ಚಿಕ್ಕದೇ ಇರಲಿ. ಉಳಿದ ದುಡ್ಡನ್ನು ಕಂಬಕ್ಕೆ, ಕೇಬಲ್ಲಿಗೆ, ಅರ್ಥಿಂಗಿಗೆ ಹಾಕಿ.

ಕಂಬಕ್ಕೆ ಟವರ್ ಅಂಗಡಿಗೆ ಹೋಗಬೇಕಿಲ್ಲ. ಚೈನ್‌ಲಿಂಕ್ ಬೇಲಿಯ ಮೇಲ್ಗಡೆ ಅಡ್ಡ ಹಾಯುವ ಕಲಾಯಿ ಪೈಪು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಎರಡು ಪೈಪು ಒಂದರೊಳಗೊಂದು ಕೂರುವ ಕಡೆ ಅಡ್ಡ ಬೋಲ್ಟ್ ಹೊಡೆಸಿ. ಬುಡ ನೆಲದಲ್ಲಿ ಇಟ್ಟಿಗೆಯ ಮೇಲೆ ನಿಲ್ಲಲಿ, ನಡುವೆ ಸೂರಿನ ತ್ರಿಕೋನ ಗೋಡೆಗೆ ಎರಡು ಬ್ರಾಕೆಟ್ ಬಿಗಿಯಲಿ. ಚಿಮಣಿಗೆ ಮಾತ್ರ ಕಟ್ಟಬೇಡಿ. ಹಳೆಯ ಇಟ್ಟಿಗೆ, ಹಳೆಯ ಗಾರೆ. ಒಂದು ಬಿರುಗಾಳಿಗೆ ಆಂಟೆನಾ ಜೊತೆ ಚಿಮಣಿಯೂ ಅಂಗಳಕ್ಕೆ ಬರುತ್ತದೆ. ಎಫ್‌ಸಿಸಿ (ಅಮೆರಿಕದ ಸಂಪರ್ಕ ಆಯೋಗ) ನಿಯಮದ ಪ್ರಕಾರ ತುದಿ ನೆಲದಿಂದ 60 ಅಡಿ, ಅಥವಾ ಆಂಟೆನಾ ಕಟ್ಟಿದ ಕಟ್ಟಡ ಇಲ್ಲವೇ ಮರದ ನೆತ್ತಿಯಿಂದ 20 ಅಡಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಬಾರದು. ನಿಮ್ಮದು 38 ಅಡಿಯೂ ಆಗುವುದಿಲ್ಲ. ವಿಮಾನ ನಿಲ್ದಾಣ ಹತ್ತಿರವಿದ್ದರೆ ಮಾತ್ರ ಬೇರೆ ಕಟ್ಟಳೆ.

ಈಗ ನಿಜವಾಗಿ ಭಯ ಪಡಬೇಕಾದ ವಿಷಯ. ನಿಮ್ಮ ಪತ್ರದಲ್ಲಿ "ಮುಂದೆ ಕರೆಂಟ್ ಕಂಬ" ಎಂದು ಓದಿದಾಗಲೇ ಪೆನ್ನು ಕೆಳಗಿಟ್ಟು ಯೋಚಿಸಿದೆ. ಮನೆಯ ಮೇಲೆ ಸಿಬಿ ಆಂಟೆನಾ ಏರಿಸುವಾಗ ವಿದ್ಯುತ್ ತಂತಿಗೆ ತಾಗಿ ಈ ದೇಶದಲ್ಲಿ ಎಷ್ಟೋ ಜನ ಸತ್ತರು. ಅದಕ್ಕೇ ಗ್ರಾಹಕ ಸುರಕ್ಷತಾ ಆಯೋಗ ಮೊದಲು ಎಚ್ಚರಿಕೆಯ ಚೀಟಿ ಕಡ್ಡಾಯ ಮಾಡಿತು. ಆಮೇಲೆ 1983ರಿಂದ, ಸುತ್ತೆಲ್ಲಾ ಸೂಸುವ ಮನೆ ಆಂಟೆನಾಗಳು 14,500 ವೋಲ್ಟಿನ ತಂತಿಗೆ ತಾಗಿದರೂ ಹಿಡಿದವರಿಗೆ ಹೊಡೆಯದಂತೆ ಹೊದಿಕೆ ಇರಬೇಕೆಂದು ನಿಯಮ ತಂದಿತು. ಫೈಬರ್‌ಗ್ಲಾಸ್ ಆಂಟೆನಾ ಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಆ ಹೊದಿಕೆಯನ್ನು ನಂಬಿ ಧೈರ್ಯ ಮಾಡಬೇಡಿ. ಕೆಳಗಿನ ಕಬ್ಬಿಣದ ಪೈಪಿಗೆ ಯಾವ ಹೊದಿಕೆಯೂ ಇಲ್ಲ. ನನ್ನ ಲೆಕ್ಕ ಹೀಗೆ: ಕಂಬ, ಆಂಟೆನಾ ಸೇರಿ ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ದೂರದೊಳಗೆ ಯಾವ ತಂತಿಯೂ ಇರಬಾರದು. ನಿಮಗೆ ಅದು 56 ಅಡಿ. ರಸ್ತೆಯ ಕಂಬದಿಂದ ಮನೆಯ ಮೂಲೆಗೆ ಇಳಿದು ಬರುತ್ತದಲ್ಲ, ಆ ತಂತಿಯನ್ನೂ ಅಳೆಯಿರಿ. ಜನ ಅದನ್ನೇ ಮರೆಯುವುದು. ಹೊಲದ ಕಡೆಯ ಗೋಡೆಯೇ ನಿಮಗೆ ಸರಿ. ಎತ್ತುವ ದಿನ ಇಬ್ಬರು ಗಟ್ಟಿಗರು ಇರಲಿ, ಗಾಳಿ ಇಲ್ಲದಿರಲಿ. ಕಂಬ ವಾಲತೊಡಗಿದರೆ ಹಿಡಿಯಲು ಹೋಗದೆ ಬಿಟ್ಟು ಓಡಬೇಕು ಎಂದು ಮೊದಲೇ ಹೇಳಿಡಿ. ನೂರು ಡಾಲರಿನ ಆಂಟೆನಾ ಮತ್ತೆ ಬರುತ್ತದೆ.

ಕೇಬಲ್: ಮನೆಯೊಳಗಿನ ಸೆಟ್ಟಿನಿಂದ ಆಂಟೆನಾ ಬುಡಕ್ಕೆ ನಿಮಗೆ 50 ಅಡಿ ಸಾಕು. ಆರ್‌ಜಿ-8ಎಕ್ಸ್ ತೆಗೆದುಕೊಳ್ಳಿ. 4 ವಾಟಿನಲ್ಲಿ ಮೂರು ಚಿಲ್ಲರೆ ಮೇಲೆ ತಲುಪುತ್ತದೆ. ದಪ್ಪನೆಯ ಆರ್‌ಜಿ-213 ಹಾಕಿದರೆ ಮೂರೂವರೆ. ಎರಡರ ಅಂತರಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಆದರೆ ಸಣ್ಣ ಆರ್‌ಜಿ-58 ಅನ್ನು ನೂರು ಅಡಿ ಎಳೆದರೆ ಮೇಲೆ ಹೋಗುವುದು ಎರಡೂಕಾಲು ವಾಟ್ ಮಾತ್ರ. ಟಿವಿಗೆ ಹಾಕಿದ ಕೇಬಲ್ ಬಿದ್ದಿದೆ, ಅದೇ ಸಾಲದೇ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು 75 ಓಮಿನದು, ನಿಮ್ಮ ಸೆಟ್ಟಿಗೆ ಬೇಕಾದದ್ದು 50.

ಮೇಲಿನ ಜೋಡಣೆಗೆ ನೀರು ಹೊಗದಂತೆ, ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು ಸುತ್ತಿ, ಅದರ ಮೇಲೆ ಕರಿ ಟೇಪು. ಕೆಳಗಿನಿಂದ ಮೇಲಕ್ಕೆ ಸುತ್ತಿ. ಹೆಂಚು ಹೊದಿಸಿದಂತೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಬೇಕು. ಈ ಮಾದರಿಯ ಆಂಟೆನಾಗೆ ಬುಡದಲ್ಲಿ ಅಡ್ಡ ಕಡ್ಡಿಗಳಿಲ್ಲ. ಹಾಗಾಗಿ ಕೇಬಲ್ಲಿನ ಹೊರಮೈಯೇ ಆಂಟೆನಾದ ಭಾಗವಾಗಿ, ನೀವು ಮಾತಾಡಿದ್ದು ಮಗುವಿನ ಕಂಪ್ಯೂಟರ್ ಸ್ಪೀಕರಿನಲ್ಲೂ ಕೇಳಿಸಬಹುದು. ಆಂಟೆನಾದ ಬುಡದಲ್ಲೇ ಕೇಬಲ್ಲನ್ನು ಐದು ಇಂಚು ಅಗಲದ ಸುರುಳಿಯಾಗಿ ಐದಾರು ಸುತ್ತು ಸುತ್ತಿ ಕಟ್ಟಿದರೆ ಬಹುಪಾಲು ನಿಲ್ಲುತ್ತದೆ. ಮನೆಯೊಳಗೆ ನುಗ್ಗುವ ಮುಂಚೆ ಕೇಬಲ್ ಒಂದು ಸಲ ಕೆಳಗೆ ಬಳುಕಿ ಮೇಲೇರಲಿ. ಮಳೆನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಅರ್ಥಿಂಗಿಗೆ ಎಂಟು ಅಡಿಯ ತಾಮ್ರ ಹೊದಿಸಿದ ರಾಡ್ ಹೊಡೆಯುತ್ತಾರೆ. ಹೊಡೆದು ಸುಮ್ಮನಾಗಬೇಡಿ. ಆ ರಾಡನ್ನು ಮನೆಯ ಮೀಟರಿನ ಅರ್ಥಿಂಗಿಗೆ 6 ಗೇಜಿಗಿಂತ ಸಣ್ಣದಲ್ಲದ ತಾಮ್ರದ ತಂತಿಯಿಂದ ಸೇರಿಸಲೇಬೇಕು. ಇಲ್ಲದಿದ್ದರೆ ಹತ್ತಿರ ಸಿಡಿಲು ಬಿದ್ದಾಗ ಎರಡು ರಾಡುಗಳ ನಡುವಿನ ವೋಲ್ಟೇಜು ನಿಮ್ಮ ಸೆಟ್ಟಿನ ಮೂಲಕವೇ ದಾರಿ ಹುಡುಕುತ್ತದೆ. ಇದಕ್ಕೆ ಎಲೆಕ್ಟ್ರಿಷಿಯನ್ ಕರೆಸಿ, ಖರ್ಚಾಗಲಿ. ಗುಡುಗು ಕೇಳಿದರೆ ಕೇಬಲ್ ಕಳಚಿ ಕಿಟಕಿಯ ಹೊರಗೆ ಹಾಕುವ ಅಭ್ಯಾಸವೂ ಇರಲಿ, ಅದೂ ಗುಡುಗು ದೂರವಿರುವಾಗಲೇ.

ಒಂದು ಕೊನೆಯ ಮಾತು, ಇದು ಯಜಮಾನರಿಗೆ. ಕನ್ನಡಿಯ ಬ್ರಾಕೆಟ್ಟಿಗೆ ಸಿಕ್ಕಿಸಿದ ಟ್ರಕ್ಕಿನ ಆಂಟೆನಾದ ಬುಡ ತುಕ್ಕು ಹಿಡಿದಿದ್ದರೆ ನೀವು ಇಲ್ಲಿ ಮಾಡಿದ್ದೆಲ್ಲಾ ಅರ್ಧಕ್ಕರ್ಧ ವ್ಯರ್ಥ. ಎರಡೂ ಸೆಟ್ಟಿನಲ್ಲಿ ಸೈಡ್‌ಬ್ಯಾಂಡ್ ಇದ್ದರೆ ಅದನ್ನು ಬಳಸಿ, 12 ವಾಟ್ ಸಿಗುತ್ತದೆ. 19ನೇ ಚಾನೆಲ್ ಬೇಡ, ಅದು ಹೆದ್ದಾರಿಯವರ ಸಂತೆ. ಈಚೆಗೆ ಅಲ್ಲಿ ಪಂಜಾಬಿ ಬೈಗುಳವೂ ನನಗೆ ಚೆನ್ನಾಗಿ ಕೇಳಿಸುತ್ತದೆ. 9 ತುರ್ತಿಗೆ ಮೀಸಲು. 36ರಿಂದ ಮೇಲೆ ಯಾವುದಾದರೂ ಖಾಲಿ ಇರುವುದನ್ನು ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಡಾಲಸ್ ಹತ್ತಿರದ ಹೊಸ ಬಡಾವಣೆಯಲ್ಲಿ ಮನೆ. ಎಚ್‌ಒಎಯವರು (ಬಡಾವಣೆಯ ಮನೆಯೊಡೆಯರ ಸಂಘ) ತುಳಸಿಕಟ್ಟೆಗೇ ತಕರಾರು ಮಾಡಿದವರು, ಆಂಟೆನಾ ಬಿಟ್ಟಾರೆಯೇ? ಡಿಶ್ ಹಾಕಲು ಫೆಡರಲ್ ಕಾನೂನಿನ ರಕ್ಷಣೆ ಇದೆಯಂತೆ, ಇದಕ್ಕೂ ಅನ್ವಯಿಸುತ್ತದೆಯೇ? (ಓದುಗರು, ಟೆಕ್ಸಸ್)

ಉತ್ತರ: ಅನ್ವಯಿಸುವುದಿಲ್ಲ. ಆ ರಕ್ಷಣೆ ಡಿಶ್, ಟಿವಿ ಆಂಟೆನಾ, ಮನೆಗೆ ಬರುವ ವೈರ್‌ಲೆಸ್ ಇಂಟರ್‌ನೆಟ್ಟಿಗೆ ಮಾತ್ರ. ಸಿಬಿಗೂ ಇಲ್ಲ, ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿಗಳ ಹ್ಯಾಮ್ ರೇಡಿಯೋಗೂ ಇಲ್ಲ. ಅಲ್ಲಿ ವಾದಕ್ಕೆ ಹೋಗದೆ ಕಣ್ಣಿಗೆ ಬೀಳದ ದಾರಿ ನೋಡಿ.

ತಂತಿಯ ಡೈಪೋಲ್ ಮಾಡಿಕೊಳ್ಳಬಹುದು. 468 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಅಡಿಯಲ್ಲಿ ಸಿಗುತ್ತದೆ. 19ನೇ ಚಾನೆಲ್ಲಿನ 27.185ಕ್ಕೆ ಅದು 17.2 ಅಡಿ. ಅಂದರೆ ಎರಡು ತಂತಿ, ಒಂದೊಂದೂ ಎಂಟು ಅಡಿ ಏಳು ಇಂಚು. ಒಂದನ್ನು ಕೇಬಲ್ಲಿನ ನಡುತಂತಿಗೆ, ಇನ್ನೊಂದನ್ನು ಹೊರಗಿನ ಜಾಲರಿಗೆ ಬೆಸುಗೆ ಹಾಕಿ. ತುಸು ಉದ್ದವಾಗಿಯೇ ಕತ್ತರಿಸಿ, ಆಮೇಲೆ ಕಡಿಮೆ ಮಾಡಿಕೊಳ್ಳಿ. ಒಟ್ಟು ಖರ್ಚು ಒಂದು ಮಸಾಲೆ ದೋಸೆ, ಕಾಫಿಯಷ್ಟು. ಡಾಲಸ್ಸಿನ ಹೋಟೆಲಿನ ದರದಲ್ಲಿ ಹೇಳುತ್ತಿದ್ದೇನೆ.

ಅಟ್ಟದಲ್ಲಿ ಕಟ್ಟುತ್ತೀರಾದರೆ ಮೊದಲು ಟಾರ್ಚ್ ಹಿಡಿದು ಹತ್ತಿ ಛಾವಣಿಯ ಹಲಗೆಯ ಒಳಮೈ ನೋಡಿ. ನಿಮ್ಮ ಕಡೆಯ ಹೊಸ ಮನೆಗಳಲ್ಲಿ ಬಿಸಿಲ ಝಳ ತಡೆಯಲು ಅಲ್ಯೂಮಿನಿಯಂ ಹಾಳೆ ಅಂಟಿಸಿದ ಹಲಗೆ ಹಾಕುತ್ತಾರೆ. ಬೆಳ್ಳಿಯಂತೆ ಮಿರುಗಿದರೆ ಅಟ್ಟದ ಆಸೆ ಬಿಡಿ, ನೀವು ಡಬ್ಬಿಯೊಳಗೆ ಕೂತು ಕೂಗಿದ ಹಾಗೆ. ಬರಿ ಮರ ಕಂಡರೆ ಧಾರಾಳವಾಗಿ ಕಟ್ಟಿ, ಆದಷ್ಟು ನೆಟ್ಟಗೆ. ಕಾರು, ಟ್ರಕ್ಕುಗಳ ಆಂಟೆನಾ ನೆಟ್ಟಗಿರುತ್ತವೆ; ನಿಮ್ಮದು ಅಡ್ಡ ಮಲಗಿದರೆ ಹತ್ತಿರದವರ ಸದ್ದು ಬಹಳ ಕುಗ್ಗುತ್ತದೆ. ಅಟ್ಟದಲ್ಲಿ 17 ಅಡಿ ಎತ್ತರ ಸಿಗುವುದಿಲ್ಲ, ಆದ್ದರಿಂದ ತೊಲೆಯ ಇಳಿಜಾರಿಗೆ ಓರೆಯಾಗಿ.

ಹಿತ್ತಲಲ್ಲಿ ದೊಡ್ಡ ಓಕ್ ಮರವಿದ್ದರೆ ಅದೇ ಎಲ್ಲಕ್ಕಿಂತ ಮೇಲು. ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಸಣ್ಣ ತಂತಿಯನ್ನು ಕೊಂಬೆಯಿಂದ ಇಳಿಬಿಟ್ಟರೆ ಹತ್ತು ಹೆಜ್ಜೆ ದೂರದಿಂದ ಕಾಣುವುದಿಲ್ಲ. ಕೇಬಲ್ಲನ್ನು ಡೈಪೋಲಿನ ನಡುವಿನಿಂದ ಅಡ್ಡಲಾಗಿ ಎಳೆದು ತನ್ನಿ, ಕೆಳಗಿನ ತಂತಿಯ ಪಕ್ಕದಲ್ಲೇ ಇಳಿಸಬೇಡಿ. ಕೆಳತುದಿ ಮಕ್ಕಳ ಕೈಗೆ ಎಟುಕದಿರಲಿ. ಮಾತಾಡುವಾಗ ತುದಿಯಲ್ಲಿ ವೋಲ್ಟೇಜ್ ಹೆಚ್ಚು, 4 ವಾಟೇ ಆದರೂ ಚುರುಕ್ ಎನ್ನುತ್ತದೆ.

ಪ್ರಶ್ನೆ: ಅಲ್ಯೂಮಿನಿಯಂನ ಕಾಲು ತರಂಗದ ಗ್ರೌಂಡ್ ಪ್ಲೇನ್ ಹಾಕಿದ್ದೇನೆ, ನಾಲ್ಕು ಅಡ್ಡ ಕಡ್ಡಿಗಳಿವೆ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ವಾಪಸ್ ಬರುವ ಶಕ್ತಿಯ ಅಳತೆ, 1 ಇದ್ದರೆ ಉತ್ತಮ) 1ನೇ ಚಾನೆಲ್ಲಿನಲ್ಲಿ 2.4, 40ರಲ್ಲಿ 1.7. ಕೇಬಲ್ 18 ಅಡಿ ಇದ್ದರೆ ಸರಿಹೋಗುತ್ತದೆ ಎಂದು ಅಂಗಡಿಯವನು ಹೇಳಿದ. ಕತ್ತರಿಸಲೇ? (ಓದುಗರು, ಮಿಶಿಗನ್)

ಉತ್ತರ: ಕತ್ತರಿ ಒಳಗಿಡಿ. 18 ಅಡಿಯ ಕತೆ ನಾನು ಈ ಕಸುಬಿಗೆ ಬಂದಾಗಲೂ ಇತ್ತು, ನಾನು ಹೋದ ಮೇಲೂ ಇರುತ್ತದೆ. ಕೇಬಲ್ ಉದ್ದ ಬದಲಿಸಿದಾಗ ಮೀಟರಿನ ಮುಳ್ಳು ಅಲುಗಿದರೆ ಕೇಬಲ್ಲಿನ ಹೊರಮೈ ಆಂಟೆನಾ ಆಗಿದೆ ಎಂದರ್ಥ, ಅಷ್ಟೇ. ಮೇಲೆ ಹೇಳಿದ ಸುರುಳಿ ಸುತ್ತಿ.

ನಿಮ್ಮ ಅಂಕಿಗಳೇ ಉತ್ತರ ಹೇಳುತ್ತಿವೆ. 1ರಲ್ಲಿ ಹೆಚ್ಚು, 40ರಲ್ಲಿ ಕಡಿಮೆ ಬಂದರೆ ಕಡ್ಡಿ ಗಿಡ್ಡ. ಉಲ್ಟಾ ಬಂದರೆ ಉದ್ದ. ಎಲ್ಲ ಕಡೆ ಮೂರರ ಮೇಲಿದ್ದರೆ ಕಡ್ಡಿಯ ತಪ್ಪಲ್ಲ; ಪಿಎಲ್-259 ಕನೆಕ್ಟರಿನಲ್ಲಿ ಜಾಲರಿಯ ಒಂದು ಎಳೆ ನಡುತಂತಿಗೆ ತಾಗಿರುತ್ತದೆ, ಇಲ್ಲವೇ ಬೆಸುಗೆ ಬಿಟ್ಟಿರುತ್ತದೆ. ನೆಟ್ಟಗಿನ ಕಡ್ಡಿಯ ಕ್ಲ್ಯಾಂಪ್ ಸಡಿಲಿಸಿ ಅರ್ಧ ಇಂಚು ಮೇಲೆಳೆದು ಮತ್ತೆ ಅಳೆಯಿರಿ. ಒಂದನೇ ಚಾನೆಲ್ಲಿಗೂ ನಲವತ್ತಕ್ಕೂ ಇರುವ ಇಡೀ ಅಂತರ ಆ ಕಡ್ಡಿಯ ಉದ್ದದಲ್ಲಿ ಎರಡು ಇಂಚೂ ಆಗುವುದಿಲ್ಲ, ಆದ್ದರಿಂದ ದುಡುಕಬೇಡಿ. ಗ್ಯಾರೇಜಿನ ಸ್ಟೂಲಿನ ಮೇಲಿಟ್ಟು ಅಳೆದ ಅಂಕಿ ಮೇಲೇರಿದ ಮೇಲೆ ಬದಲಾಗುತ್ತದೆ. ನಿಂತ ಜಾಗದಲ್ಲೇ ಅಳೆಯಬೇಕು, ನೀವು ಪಕ್ಕಕ್ಕೆ ಸರಿದು ನಿಂತು.

ಅಡ್ಡ ಕಡ್ಡಿಗಳು ನೆಲಕ್ಕೆ ಸಮಾನಾಂತರವಾಗಿದ್ದರೆ ಈ ಆಂಟೆನಾ ಸುಮಾರು 36 ಓಮ್ ತೋರಿಸುತ್ತದೆ. ಎಷ್ಟು ಶ್ರುತಿ ಮಾಡಿದರೂ 1.4ಕ್ಕೆ ನಿಂತುಬಿಡುತ್ತದೆ. ಕಡ್ಡಿಗಳನ್ನು 45 ಡಿಗ್ರಿ ಕೆಳಗೆ ಬಾಗಿಸಿದರೆ 50ರ ಹತ್ತಿರ ಬರುತ್ತದೆ. ಬಾಗಿಸಲು ಆಗದ ಮಾದರಿಯಾದರೆ 1.4ಕ್ಕೇ ತೃಪ್ತಿಪಡಿ. 1.5ರಲ್ಲಿ ವಾಪಸ್ ಬರುವ ಶಕ್ತಿ ನೂರಕ್ಕೆ ನಾಲ್ಕು. ಎರಡರಲ್ಲಿ ಹನ್ನೊಂದು. ಮೂರರಲ್ಲಿ ಇಪ್ಪತ್ತೈದು, ಅಲ್ಲಿ ಮೈಕಿನ ಗುಂಡಿ ಒತ್ತಬೇಡಿ.

ಪ್ರಶ್ನೆ: ಆಂಟೆನಾ ಹಾಕಿ ಕೆಲವು ವರ್ಷವಾಯಿತು. ಮೊದಲು ಎಸ್‌ಡಬ್ಲ್ಯುಆರ್ 1.6 ಇತ್ತು, ಈಗ ತಾನಾಗಿಯೇ 1.1ಕ್ಕೆ ಇಳಿದಿದೆ. ಆದರೆ ದೂರದವರು ಕೇಳಿಸುತ್ತಿಲ್ಲ. ಮೀಟರ್ ಕೆಟ್ಟಿದೆಯೇ? (ಓದುಗರು, ನ್ಯೂಜೆರ್ಸಿ)

ಉತ್ತರ: ಮೀಟರ್ ಚೆನ್ನಾಗಿದೆ, ಕೇಬಲ್ ನೀರು ಕುಡಿದಿದೆ. ಮೇಲಕ್ಕೆ ಹೋಗುವ ಶಕ್ತಿ ದಾರಿಯಲ್ಲೇ ಬಿಸಿಯಾಗಿ ಕರಗುತ್ತದೆ, ಆಂಟೆನಾ ಹಿಂದಕ್ಕೆ ಕಳಿಸಿದ್ದೂ ಕರಗುತ್ತದೆ. ವಾಪಸ್ ಏನೂ ಬರದಿದ್ದರೆ ಮೀಟರ್ "ಸೊಗಸಾಗಿದೆ" ಎನ್ನುತ್ತದೆ. ಕಾರಣವಿಲ್ಲದೆ ಸುಧಾರಿಸಿದ ಎಸ್‌ಡಬ್ಲ್ಯುಆರ್ ಅನ್ನು ಯಾವತ್ತೂ ನಂಬಬೇಡಿ. ಮೇಲ್ತುದಿಯ ಕನೆಕ್ಟರಿನಿಂದ ಅಂಗೈ ಉದ್ದ ಕೆಳಗೆ ಹೊರಗಿನ ಕರಿ ಹೊದಿಕೆಯನ್ನು ಬ್ಲೇಡಿನಲ್ಲಿ ಸೀಳಿ ನೋಡಿ. ಒಳಗಿನ ಜಾಲರಿ ತಾಮ್ರದ ಬಣ್ಣಕ್ಕಿದ್ದರೆ ಬಚಾವ್. ಕಪ್ಪಾಗಿ, ನಡುನಡುವೆ ಹಸಿರು ಪುಡಿ ಉದುರಿದರೆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಪ್ರಯೋಜನವಿಲ್ಲ. ಜಾಲರಿ ಬತ್ತಿಯ ಹಾಗೆ ನೀರನ್ನು ಕೆಳಗಿನವರೆಗೂ ಎಳೆದಿರುತ್ತದೆ. ಪೂರ್ತಿ ಕೇಬಲ್ ಬದಲಿಸಿ.

ಪ್ರಶ್ನೆ: ಅಲಬಾಮಾ, ಜಮೈಕಾ ಎಲ್ಲ ಕೇಳಿಸುತ್ತದೆ, ಎಂಟು ಮೈಲಿ ದೂರದ ಸ್ನೇಹಿತ ಕೇಳಿಸುವುದಿಲ್ಲ. (ಓದುಗರು, ಪೆನ್ಸಿಲ್ವೇನಿಯಾ)

ಉತ್ತರ: ಸೂರ್ಯನ ಕೃಪೆ. ಹಗಲಲ್ಲಿ ವಾತಾವರಣದ ಮೇಲ್ಪದರ ಈ ತರಂಗಗಳನ್ನು ಕನ್ನಡಿಯಂತೆ ಕೆಳಗೆ ತಿರುಗಿಸುತ್ತದೆ, ಅವು ನೂರಾರು ಮೈಲಿ ಹಾರಿ ಇಳಿಯುತ್ತವೆ. ಸೂರ್ಯನ ಚಟುವಟಿಕೆ ಜೋರಿದ್ದ ವರ್ಷಗಳಲ್ಲಿ ಇದು ಹೆಚ್ಚು. ಮೇ, ಜೂನ್, ಜುಲೈನಲ್ಲಿ ಇನ್ನೊಂದು ಬಗೆಯದೂ ಸೇರುತ್ತದೆ. ಆ ಗದ್ದಲದಲ್ಲಿ ನಿಮ್ಮ ಸ್ನೇಹಿತರ ದನಿ ಮುಳುಗುತ್ತದೆ. ಕತ್ತಲಾದ ಮೇಲೆ ಪ್ರಯತ್ನಿಸಿ. ದೂರದವರಿಗೆ ಉತ್ತರ ಕೊಡುವುದಕ್ಕೆ ಹಿಂದೆ 155 ಮೈಲಿಯ ಮಿತಿ ಇತ್ತು, 2017ರಲ್ಲಿ ಅದನ್ನು ತೆಗೆದುಹಾಕಿದರು. ಅಲಬಾಮಾದವರ ಜೊತೆಗೂ ಮಾತಾಡಿ.

ಪ್ರಶ್ನೆ: ಅಣ್ಣನ ಕಾಫಿ ತೋಟ ಸಕಲೇಶಪುರದ ಹತ್ತಿರ. ಮಳೆಗಾಲದಲ್ಲಿ ಫೋನ್ ಸತ್ತೇ ಹೋಗುತ್ತದೆ. ಇಲ್ಲಿಂದ ಎರಡು ಸಿಬಿ ಸೆಟ್, ಒಂದು ಆಂಟೆನಾ ಸೂಟ್‌ಕೇಸಿನಲ್ಲಿ ತೆಗೆದುಕೊಂಡು ಹೋಗಲೇ? (ಓದುಗರು, ಇಲಿನಾಯ್)

ಉತ್ತರ: ಬೇಡ. ಭಾರತದಲ್ಲೂ ಸಿಟಿಜನ್ ಬ್ಯಾಂಡಿಗೆ 2005ರಿಂದ ಲೈಸೆನ್ಸ್ ವಿನಾಯಿತಿ ಇದೆ ಎಂಬುದು ನಿಜ, 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ. ಅಮೆರಿಕದ ಸೆಟ್ಟಿನಲ್ಲಿ 1ರಿಂದ 27ರವರೆಗಿನ ಚಾನೆಲ್‌ಗಳು ಇದರೊಳಗೆ ಬರುತ್ತವೆ, 28ನೆಯದು 27.285, ಕೂದಲೆಳೆಯಷ್ಟು ಹೊರಗೆ. ಅಲ್ಲಿಂದ ಮುಂದಿನವೆಲ್ಲ ಅಲ್ಲಿ ಅಕ್ರಮ. ಅಲ್ಲಿನ ಮಿತಿ 5 ವಾಟ್ ಎನ್ನುವುದು ಆಂಟೆನಾದಿಂದ ಹೊಮ್ಮುವ ಶಕ್ತಿಯ ಲೆಕ್ಕ, ಸೆಟ್ಟಿನಿಂದ ಹೊರಡುವುದರದ್ದಲ್ಲ. ಆದ್ದರಿಂದ ಚಾವಣಿಯ ಮೇಲೆ ದೊಡ್ಡ ಆಂಟೆನಾ ನಿಲ್ಲಿಸುವ ಮುಂಚೆ ವೈರ್‌ಲೆಸ್ ಪರವಾನಗಿ ನೋಡಿಕೊಳ್ಳುವ ದೆಹಲಿಯ ಡಬ್ಲ್ಯುಪಿಸಿ ಕಚೇರಿಗೆ ಬರೆದು, ಉತ್ತರ ಕೈಗೆ ಬಂದ ಮೇಲೆಯೇ ಕೆಲಸ ಶುರು ಮಾಡಬೇಕು. ಲೈಸೆನ್ಸ್ ಬೇಡದಿದ್ದರೂ ಸೆಟ್ಟಿನ ಮಾದರಿಗೆ ಅವರ ಅನುಮೋದನೆ ಬೇಕು. ಅನುಮೋದನೆಯಿಲ್ಲದ ವೈರ್‌ಲೆಸ್ ಸೆಟ್ ಕೆಂಪೇಗೌಡ ನಿಲ್ದಾಣದ ಕಸ್ಟಮ್ಸಿನಲ್ಲಿ ಸಿಕ್ಕರೆ ವಿವರಿಸುತ್ತಾ ನಿಲ್ಲುವವರು ನೀವು, ನಾನಲ್ಲ.

ಹ್ಯಾಮ್ ಲೈಸೆನ್ಸ್ ಮಾಡಿಸೋಣ ಎನ್ನುತ್ತೀರೇನೋ. ಹವ್ಯಾಸಕ್ಕೆ ಬಹಳ ಚೆನ್ನ, ಬೆಂಗಳೂರಿನಲ್ಲಿ ಕಲಿಸುವ ಹಳೆಯ ಕ್ಲಬ್ಬುಗಳಿವೆ. ಆದರೆ "ಇವತ್ತು ಎಷ್ಟು ಮೂಟೆ ಒಣಗಿತು" ಎಂಬ ವ್ಯವಹಾರದ ಮಾತು ಹ್ಯಾಮಿನಲ್ಲಿ ಆಡುವಂತಿಲ್ಲ. ತೋಟದ ಒಳಗಿನ ಓಡಾಟಕ್ಕೆ 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ವಾಕಿಟಾಕಿ ಸಾಕು, ಅದಕ್ಕೂ ಅಲ್ಲಿ ಲೈಸೆನ್ಸ್ ಬೇಡ. ಅನುಮೋದನೆಯ ಗುರುತು ನೋಡಿ ಅಲ್ಲಿಯೇ ಕೊಳ್ಳಲಿ. ಗುಡ್ಡ ದಾಟಿ ಊರಿಗೆ ತಲುಪಬೇಕೆಂದರೆ ಲೈಸೆನ್ಸ್ ಸಮೇತ ವಿಎಚ್‌ಎಫ್ ವ್ಯವಸ್ಥೆ ಮಾಡಿಕೊಡುವ ಡೀಲರ್ ಹಿಡಿಯುವುದೇ ದಾರಿ.

ಪ್ರಶ್ನೆ: ಸೋಲಾರ್ ಹಾಕಿಸಿದ ಮೇಲೆ ಹಗಲೆಲ್ಲ ರೇಡಿಯೋದಲ್ಲಿ ಬರೀ ಬರ‍್ರ್ ಸದ್ದು. (ಓದುಗರು, ಕ್ಯಾಲಿಫೋರ್ನಿಯಾ)

ಉತ್ತರ: ಸೋಲಾರ್ ಮೇಲೆ ನನಗೂ ಅನುಮಾನ, ಆದರೆ ವಿಚಾರಣೆ ಮಾಡದೆ ಶಿಕ್ಷೆ ಬೇಡ. ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮನೆಯ ಬ್ರೇಕರುಗಳನ್ನು ಒಂದೊಂದಾಗಿ ಇಳಿಸುತ್ತಾ ಹೋಗಿ. ಯಾವುದಕ್ಕೆ ಸದ್ದು ನಿಲ್ಲುತ್ತದೋ ಅವನೇ ಕಳ್ಳ. ಎಷ್ಟೋ ಮನೆಗಳಲ್ಲಿ ಅದು ಅಗ್ಗದ ಎಲ್‌ಇಡಿ ಬಲ್ಬು, ಇಲ್ಲವೇ ಲ್ಯಾಪ್‌ಟಾಪಿನ ಚಾರ್ಜರ್. ಸೋಲಾರೇ ಆದರೆ ಪ್ಯಾನೆಲ್‌ಗಳ ಕೆಳಗಿನ ಪೆಟ್ಟಿಗೆಗಳಿಂದ ಬರುತ್ತಿರುತ್ತದೆ, ಹಾಕಿದ ಕಂಪನಿಯವರಿಗೇ ಬರೆದು ಕೇಳಿ. ಆಂಟೆನಾವನ್ನು ಪ್ಯಾನೆಲ್‌ಗಳಿಂದ ದೂರದ ಮೂಲೆಗೆ ಸರಿಸಿ, ಕೇಬಲ್ ಮನೆಗೆ ಬರುವಲ್ಲಿ 31ನೇ ಮಿಶ್ರಣದ ಫೆರೈಟ್ ಉಂಗುರದೊಳಗೆ ಕೆಲವು ಸುತ್ತು ಸುತ್ತಿ.

ಪ್ರಶ್ನೆ: ಸೆಟ್ಟಿನ ಶಕ್ತಿ ಏರಿಸುವ ಲಿನಿಯರ್ ಆಂಪ್ಲಿಫೈಯರ್ ಹಾಕಿದರೆ? (ಓದುಗರು, ಜಾರ್ಜಿಯಾ)

ಉತ್ತರ: ಕಾನೂನುಬಾಹಿರ. ಮೇಲಾಗಿ, ನಿಮ್ಮದು ಅವರಿಗೆ ಕೇಳಿಸುತ್ತದೆ, ಅವರದು ನಿಮಗೆ ಕೇಳಿಸುವುದಿಲ್ಲ. ಆ ದುಡ್ಡಿಗೆ ಕಂಬ ಹತ್ತು ಅಡಿ ಏರಿಸಿ.

ಪ್ರಶ್ನೆ: ಮೇ ತಿಂಗಳಲ್ಲಿ ಓಹಾಯೋದ ಝೀನಿಯಾದಲ್ಲಿ ನಡೆಯುವ ಹ್ಯಾಮ್ವೆನ್ಷನ್ ಸಂತೆಯಲ್ಲಿ ಹಳೆಯ ಫೈಬರ್‌ಗ್ಲಾಸ್ ಆಂಟೆನಾ ಅಗ್ಗಕ್ಕೆ ಸಿಗುತ್ತದಂತೆ. ಏನು ನೋಡಿ ಕೊಳ್ಳಬೇಕು? (ಓದುಗರು, ಓಹಾಯೋ)

ಉತ್ತರ: ಮೂರು ತುಂಡನ್ನೂ ಬಿಚ್ಚಿಸಿ ನೋಡಿ. ಬಿಚ್ಚಲು ಬರದಿದ್ದರೆ, "ಅದು ಹಾಗೇ ಇರುತ್ತೆ" ಎಂದು ಮಾರುವವನು ಹೇಳಿದರೆ, ನಮಸ್ಕಾರ ಹೇಳಿ ಮುಂದಿನ ಮೇಜಿಗೆ ನಡೆಯಿರಿ. ತಿರುಪಿನ ಹಿತ್ತಾಳೆ ಹಸಿರುಗಟ್ಟಿದೆಯೇ, ಅದರ ಬುಡದಲ್ಲಿ ಕೂದಲೆಳೆಯಂಥ ಬಿರುಕಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ಕೆಳಗಿನ ಸಾಕೆಟ್ಟಿನೊಳಗೆ ಟಾರ್ಚ್ ಬಿಡಿ. ಸುಟ್ಟ ಕಪ್ಪು ಕಲೆ ಕಂಡರೆ ಯಾರೋ ಲಿನಿಯರ್ ಹಚ್ಚಿದ್ದಾರೆ, ಅದು ಬೇಡ. ಬಿಸಿಲಿಗೆ ಮೇಲಿನ ಲೇಪ ಹೋಗಿ ಬಿಳಿ ನಾರು ಎದ್ದಿದ್ದರೆ ಅದು ಕೆಟ್ಟಿದೆ ಎಂದಲ್ಲ. ನೀರಿಗೆ ತಾಳುವ ಮರಳುಕಾಗದದಿಂದ ಒದ್ದೆಯಾಗಿಯೇ ಉಜ್ಜಿ, ಲೋಹದ ಪುಡಿಯಿಲ್ಲದ ಬಣ್ಣ ಎರಡು ಕೋಟು ಹೊಡೆದರೆ ಮತ್ತೆ ವರ್ಷಗಟ್ಟಲೆ ಬರುತ್ತದೆ. ಆದರೆ ಅಂಥದ್ದನ್ನು ಕೈಗವಸಿಲ್ಲದೆ ಮುಟ್ಟಬೇಡಿ, ಹೆಗಲ ಮೇಲಂತೂ ಹೊತ್ತು ತರಲೇಬೇಡಿ. ಆ ಗಾಜಿನ ನಾರು ಅಂಗಿಯ ಒಳಗೆ ಸೇರಿದರೆ ಕೊಲಂಬಸ್ ಮುಟ್ಟುವವರೆಗೂ ತುರಿಸಿಕೊಳ್ಳುತ್ತಲೇ ಕಾರು ಓಡಿಸಬೇಕಾಗುತ್ತದೆ.